ಮೂವತ್ತೈದರ ವಯಸ್ಸಿನಲ್ಲಿ ನಾಲ್ಕು ಚಿನ್ನ: ಆಗ್ನೆಸ್ ಕೆಲೆಟಿಯ ಕಥೆ

2025ನೆಯ ಇಸವಿ ಜನವರಿ 2ರಂದು ಹಂಗೆರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಆಗ್ನೆಸ್ ಕೆಲೆಟಿ ಎಂಬ ವೃದ್ಧೆ ತೀರಿಕೊಂಡಳು. ಇನ್ನೊಂದು ವಾರ ಕಳೆದಿದ್ದರೆ ಆಕೆಗೆ ನೂರಾ ನಾಲ್ಕು ವರ್ಷ ತುಂಬುತ್ತಿತ್ತು. ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಕ್ರೀಡೆಯ ಪುಟಕ್ಕಾಗಿ ದಿನವೂ ಕೈ ಚಾಚುವವರಿಗೇನೂ ಕಡಿಮೆಯಿಲ್ಲ. ಆದರೆ ಕ್ರಿಕೆಟ್ಟಿನ ಸುದ್ದಿ ಮುಗಿದೊಡನೆ ಪುಟ ಮಡಿಚಿಡುವುದೇ ರೂಢಿಯಾದ್ದರಿಂದ ಈ ಸುದ್ದಿ ಎಷ್ಟು ಜನರ ಕಣ್ಣಿಗೆ ಬಿತ್ತೋ ಹೇಳಲಾರೆ. ಒಲಿಂಪಿಕ್ ಕೂಟದಲ್ಲಿ ಚಿನ್ನ ಗೆದ್ದವರಲ್ಲಿ ಆಗ ಜೀವಂತರಿದ್ದವರ ಪೈಕಿ ಆಕೆಯೇ ಅತ್ಯಂತ ಹಿರಿಯಳು. ಆದರೆ ಆಕೆಯ ವಿಷಯ ತಿಳಿಯಬೇಕಾದದ್ದು ದೀರ್ಘಾಯುಷ್ಯದ ಕಾರಣಕ್ಕಲ್ಲ.

ಜಿಮ್ನಾಸ್ಟಿಕ್ಸ್ ಎಳೆಯರ ಆಟ. 1976ರಲ್ಲಿ ಮಾಂಟ್ರಿಯಲ್ ಕೂಟದಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದು ಲೋಕವನ್ನು ಬೆರಗುಗೊಳಿಸಿದ ರುಮೇನಿಯದ ನಾಡಿಯಾ ಕೊಮನೇಚಿಗೆ ಆಗ ಹದಿನಾಲ್ಕೇ ವರ್ಷ. ಎಳೆಯ ಮಕ್ಕಳ ಮೈಗೆ ಇದು ಅತಿಯಾಯಿತೆಂದು ಈಗ ಹದಿನಾರರ ಕೆಳಗಿನವರನ್ನು ಸೇರಿಸಬಾರದೆಂಬ ನಿಯಮವೇ ಬಂದಿದೆ. ಇಂಥ ಆಟದಲ್ಲಿ ಆಗ್ನೆಸ್ ಕೆಲೆಟಿ ಒಲಿಂಪಿಕ್ ಅಂಗಳದಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಒಂದೇ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದದ್ದು ಮೂವತ್ತೈದನೆಯ ವಯಸ್ಸಿನಲ್ಲಿ. ಹೆಂಗಸರ ಜಿಮ್ನಾಸ್ಟಿಕ್ಸಿನಲ್ಲಿ ಅಷ್ಟು ವಯಸ್ಸಾದ ಮೇಲೆ ಒಲಿಂಪಿಕ್ ಚಿನ್ನ ಪಡೆದವರು ಬೇರಾರೂ ಇಲ್ಲ. ಹಾಗಾದರೆ ಅದಕ್ಕೆ ಮೊದಲಿನ ಹದಿನೈದು ವರ್ಷ ಆಕೆ ಎಲ್ಲಿದ್ದಳು? ಅದೇ ಈ ಕಥೆ.

ಮೊದಲು ಆಟದ ಪರಿಚಯ ಸ್ವಲ್ಪ ಆಗಬೇಕು. ಜಿಮ್ನಾಸ್ಟಿಕ್ಸ್ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಗರಡಿಮನೆ ನೆನಪಾಗುತ್ತದೆ, ಕೆಲವರಿಗೆ ಸರ್ಕಸ್ಸು. ಎರಡೂ ಪೂರ್ತಿ ತಪ್ಪಲ್ಲ. ಮುಂಬಯಿ ಪುಣೆಗಳಲ್ಲಿರುವವರು ವ್ಯಾಯಾಮಶಾಲೆಯ ಹುಡುಗರು ಮಲ್ಲಕಂಬವನ್ನು ಹಾವಿನಂತೆ ಸುತ್ತಿ ಹತ್ತಿ, ತಲೆಕೆಳಗಾಗಿ ನಿಲ್ಲುವುದನ್ನು ನೋಡಿಯೇ ಇರುತ್ತಾರೆ. ಮೈಯ ಭಾರವನ್ನು ತಾನೇ ಎತ್ತಿ, ತಿರುಗಿಸಿ, ಬೇಕಾದ ಕಡೆ ಬೇಕಾದ ಕ್ಷಣಕ್ಕೆ ನಿಲ್ಲಿಸುವುದೇ ಎರಡರ ಮರ್ಮ.

ಹೆಂಗಸರಿಗೆ ನಾಲ್ಕು ಪರೀಕ್ಷೆಗಳಿವೆ. ಓಡಿ ಬಂದು ಎತ್ತರದ ಸಲಕರಣೆಯೊಂದರ ಮೇಲೆ (ಅಂದು ಅದು ಮರದ ಕುದುರೆ) ಕೈಯೂರಿ ಆಚೆಗೆ ಹಾರಿ ನೆಟ್ಟಗೆ ನಿಲ್ಲುವುದು ಒಂದು. ನಮ್ಮ ವ್ಯಾಯಾಮಶಾಲೆಗಳಲ್ಲಿ ಡಬಲ್ ಬಾರ್ ಎನ್ನುತ್ತಾರಲ್ಲ, ಅದರ ಒಂದು ಸರಳನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಇಟ್ಟು, ಒಂದರಿಂದ ಇನ್ನೊಂದಕ್ಕೆ ತೂಗಾಡುತ್ತ ಹೋಗುವುದು ಎರಡನೆಯದು. ಮೂರನೆಯದೇ ತೊಲೆ. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಹದಿನಾರು ಅಡಿ ಉದ್ದದ ಒಂದು ತೊಲೆ. ಅದರ ಅಗಲ ನಾಲ್ಕೇ ಅಂಗುಲ. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಸುಮ್ಮನೆ ನಡೆದುಹೋಗುವುದೇ ಕಷ್ಟ. ಅಲ್ಲಿ ನೆಗೆಯಬೇಕು, ಲಾಗ ಹಾಕಬೇಕು, ಒಂಟಿ ಕಾಲಿನ ಮೇಲೆ ತಿರುಗಬೇಕು, ಮುಖದಲ್ಲಿ ಭಯ ಕಾಣಿಸಬಾರದು. ನಾಲ್ಕನೆಯದು ಬಯಲು ನೆಲದ ಮೇಲಿನ ಕಸರತ್ತು. ಅರ್ಧ ನೃತ್ಯ, ಅರ್ಧ ಲಾಗ.

ಅಂದಿನ ಪದ್ಧತಿಯಲ್ಲಿ ಒಂದೊಂದು ಪರೀಕ್ಷೆಯನ್ನೂ ಎರಡೆರಡು ಸಲ ಮಾಡಬೇಕಾಗಿತ್ತು. ಮೊದಲನೆಯದು ಎಲ್ಲರಿಗೂ ಗೊತ್ತುಮಾಡಿದ ಒಂದೇ ಪಾಠ, ಎರಡನೆಯದು ಅವರವರು ಹೆಣೆದುಕೊಂಡದ್ದು. ಒಂದೊಂದಕ್ಕೆ ಹತ್ತರಂತೆ ಒಟ್ಟು ಇಪ್ಪತ್ತು ಅಂಕ. ಸೋಲು ಗೆಲುವು ತೀರ್ಮಾನವಾಗುತ್ತಿದ್ದುದು ಅಂಕದ ಹತ್ತನೆಯ, ನೂರನೆಯ ಒಂದು ಪಾಲಿನಿಂದ. ಈಗಲೂ ಹಾಗೆಯೇ. 2016ರಲ್ಲಿ ರಿಯೊ ಕೂಟದಲ್ಲಿ ನಮ್ಮ ತ್ರಿಪುರಾದ ದೀಪಾ ಕರ್ಮಾಕರ್ ಕುದುರೆ ಜಿಗಿತದಲ್ಲಿ ನಾಲ್ಕನೆಯವಳಾದಾಗ ಕಂಚಿಗೂ ಅವಳಿಗೂ ಇದ್ದ ಅಂತರ 0.150 ಅಂಕ.

ಆಗ್ನೆಸ್ ಹುಟ್ಟಿದ್ದು 1921ರ ಜನವರಿ 9ರಂದು ಬುಡಾಪೆಸ್ಟಿನ ಯೆಹೂದಿ ಕುಟುಂಬವೊಂದರಲ್ಲಿ. ಮನೆತನದ ಹೆಸರು ಕ್ಲೈನ್. ಆ ಹೆಸರು ಜರ್ಮನ್ ಮಾತಿನದು. ಹಂಗೆರಿಯನ್ ಹೆಸರಿರಲೆಂದು ಮುಂದೆ ಕೆಲೆಟಿ ಎಂದು ಬದಲಿಸಿಕೊಂಡಳು. ಆ ಮಾತಿಗೆ ಮೂಡಣದ್ದು ಎಂದರ್ಥ. ಬುಡಾಪೆಸ್ಟಿನ ದೊಡ್ಡ ರೈಲು ನಿಲ್ದಾಣಗಳಲ್ಲೊಂದರ ಹೆಸರೂ ಕೆಲೆಟಿಯೇ, ಮೂಡಣ ನಿಲ್ದಾಣ. ಹುಡುಗಿಗೆ ಚೆಲ್ಲೊ ಕಲಿಸಿದರು. ಅದು ನಮ್ಮ ಪಿಟೀಲಿನ ದೊಡ್ಡಣ್ಣನಂಥ ವಾದ್ಯ, ಕುಳಿತು ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವುದು. ಜೊತೆಗೆ ವ್ಯಾಯಾಮವೂ ನಡೆಯಿತು. 1937ರಲ್ಲಿ, ಹದಿನಾರನೆಯ ವಯಸ್ಸಿಗೆ, ಆಕೆ ಹಂಗೆರಿಯ ಚಾಂಪಿಯನ್ ಎನಿಸಿಕೊಂಡಳು. 1940ರ ಒಲಿಂಪಿಕ್ ಕೂಟಕ್ಕೆ ಆಕೆ ಹೋಗುವುದು ಖಂಡಿತ ಎನ್ನುವಂತಿತ್ತು.

ಆ ಕೂಟ ನಡೆಯಲೇ ಇಲ್ಲ. ಟೋಕಿಯೋದಲ್ಲಿ ಆಗಬೇಕಾಗಿದ್ದುದು ಹೆಲ್ಸಿಂಕಿಗೆ ಹೋಯಿತು; ಅಷ್ಟರಲ್ಲಿ ಯುದ್ಧ ಹೊತ್ತಿಕೊಂಡು ರದ್ದೇ ಆಯಿತು. 1944ರದೂ ಹಾಗೆಯೇ. ಆದರೆ ಕೂಟ ನಡೆಯದಿದ್ದದ್ದು ಆಕೆಯ ಕಷ್ಟಗಳಲ್ಲಿ ತೀರ ಚಿಕ್ಕದು. ಹಂಗೆರಿಯ ಸರಕಾರ ಜರ್ಮನಿಯ ದಾರಿ ಹಿಡಿದು 1938ರಿಂದ 1941ರೊಳಗೆ ಯೆಹೂದ್ಯರ ಮೇಲೆ ಒಂದಾದ ಮೇಲೊಂದರಂತೆ ಮೂರು ಕಾನೂನುಗಳನ್ನು ಹೇರಿತು. ಯಾವ ಕಚೇರಿಯಲ್ಲಿ ಎಷ್ಟು ಜನ ಇರಬಹುದು, ಯಾರು ಯಾರನ್ನು ಮದುವೆಯಾಗಬಹುದು, ಎಲ್ಲಕ್ಕೂ ಲೆಕ್ಕ. ದೇಶದ ಚಾಂಪಿಯನ್ ಆಗಿದ್ದವಳನ್ನು ಆಕೆಯ ವ್ಯಾಯಾಮ ಸಂಘದಿಂದ ಹೊರಗೆ ಹಾಕಿದರು. ಕೈಕಾಲು ನೆಟ್ಟಗಿದ್ದವು, ಅಭ್ಯಾಸ ಮಾಡುವ ಮನಸ್ಸಿತ್ತು, ಬಾಗಿಲು ಮಾತ್ರ ಮುಚ್ಚಿತ್ತು.

1944ರ ಮಾರ್ಚ್ ತಿಂಗಳಲ್ಲಿ ಜರ್ಮನ್ ಸೈನ್ಯವೇ ಹಂಗೆರಿಯೊಳಕ್ಕೆ ಬಂದು ಕೂತಿತು. ಮದುವೆಯಾದ ಹೆಂಗಸರನ್ನು ಕೂಲಿಶಿಬಿರಗಳಿಗೆ ಒಯ್ಯುವುದಿಲ್ಲ ಎಂಬ ಒಂದು ಗಾಳಿಮಾತು ಆ ದಿನಗಳಲ್ಲಿ ಹಬ್ಬಿತ್ತು. ಅದನ್ನು ನಂಬಿ ಆಗ್ನೆಸ್ ತನ್ನಂತೆಯೇ ಜಿಮ್ನಾಸ್ಟ್ ಆಗಿದ್ದ ಇಸ್ತ್ವಾನ್ ಶಾರ್ಕಾನಿಯನ್ನು ಅವಸರದಲ್ಲಿ ಮದುವೆಯಾದಳು (1950ರಲ್ಲಿ ಇಬ್ಬರೂ ಬೇರೆಯಾದರು). ಆದರೆ ಗಾಳಿಮಾತಿನಿಂದ ಯಾರ ಜೀವ ಉಳಿದೀತು? ಆ ವರ್ಷ ಮೇ ಮಧ್ಯದಿಂದ ಜುಲೈವರೆಗಿನ ಎಂಟು ವಾರಗಳಲ್ಲಿ ಹಂಗೆರಿಯ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದ್ಯರನ್ನು ಸಾಮಾನಿನ ಗಾಡಿಗಳಲ್ಲಿ ತುಂಬಿ ಸಾಗಿಸಿದರು. ಬಹುಮಂದಿಯನ್ನು ಒಯ್ದದ್ದು ಔಷ್ವಿಟ್ಸ್ ಎಂಬಲ್ಲಿಗೆ. ಆಕೆಯ ತಂದೆ ಅಲ್ಲಿ ಸತ್ತ.

ಆಗ್ನೆಸ್ ಉಳಿದದ್ದು ಒಂದು ಕಾಗದದಿಂದ. ತನ್ನ ವಯಸ್ಸಿನ ಒಬ್ಬ ಕ್ರೈಸ್ತ ಹುಡುಗಿಯ ಗುರುತಿನ ಪತ್ರಗಳನ್ನು ಹಣ ಕೊಟ್ಟು ಪಡೆದಳು. ಆ ಹೆಸರನ್ನು ತೊಟ್ಟು ರಾಜಧಾನಿಯನ್ನು ಬಿಟ್ಟು ಹಳ್ಳಿಗೆ ಹೋಗಿ ಮನೆಗೆಲಸಕ್ಕೆ ನಿಂತಳು. ಬೇರೊಬ್ಬರ ಹೆಸರಿನಲ್ಲಿ ಬದುಕುವುದೆಂದರೇನೆಂದು ಸ್ವಲ್ಪ ಯೋಚಿಸಿ ನೋಡಿ. ಹಿಂದಿನಿಂದ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ತಟ್ಟನೆ ತಿರುಗಬೇಕು. ತನ್ನ ನಿಜವಾದ ಹೆಸರು ಸಂತೆಯಲ್ಲಿ ಕೇಳಿಬಂದರೆ ತಿರುಗಬಾರದು. ತಂದೆ ಯಾರು, ಊರು ಯಾವುದು ಎಂದರೆ ತಡವರಿಸದೆ ಉತ್ತರ ಹೇಳಬೇಕು. ದೇಶದ ಚಾಂಪಿಯನ್ ಆಗಿದ್ದವಳು ನೆಲ ಒರೆಸುವವಳಾಗಿ, ತನಗೆ ಬರುವ ವಿದ್ಯೆಯೊಂದನ್ನೂ ತೋರಿಸದೆ, ಸಾಧಾರಣ ಹಳ್ಳಿಯ ಹೆಣ್ಣಿನಂತೆ ಕಾಣಬೇಕು. ಪರಸ್ಥಳದಲ್ಲಿ ಕೆಲಸಕ್ಕೆ ನಿಂತವರಿಗೆ ಮೊದಲ ದಿನಗಳ ಅಳುಕು ಏನೆಂದು ಗೊತ್ತಿರುತ್ತದೆ. ಇಲ್ಲಿ ಬಾಯಿ ತಪ್ಪಿದರೆ ಹೋಗುತ್ತಿದ್ದುದು ಸಂಬಳವಲ್ಲ, ಪ್ರಾಣ.

ತಾಯಿ ಮತ್ತು ಅಕ್ಕ ವೇರಾ ಬದುಕಿದ್ದೂ ಕಾಗದದಿಂದಲೇ. ಸ್ವೀಡನ್ ದೇಶದ ರಾಯಭಾರ ಕಚೇರಿಗೆ ಆ ವರ್ಷ ರೌಲ್ ವಾಲೆನ್‌ಬರ್ಗ್ ಎಂಬ ಯುವಕ ಬಂದ. ಇಂಥವರು ಸ್ವೀಡನ್ನಿನ ರಕ್ಷಣೆಯಲ್ಲಿದ್ದಾರೆ ಎಂದು ಬರೆದ ಪತ್ರಗಳನ್ನು ಅಚ್ಚು ಹಾಕಿಸಿ, ಮೊಹರು ಒತ್ತಿ, ಸಾವಿರಾರು ಜನಕ್ಕೆ ಹಂಚಿದ. ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಸ್ವೀಡನ್ನಿನ ಬಾವುಟ ಏರಿಸಿ, ಅವರನ್ನೆಲ್ಲ ಅಲ್ಲಿ ಇರಿಸಿದ. ಆ ಪತ್ರಗಳಿಗೆ ಕಾನೂನಿನ ಬಲ ಅಷ್ಟಕ್ಕಷ್ಟೆ. ನೋಡಲು ಮಾತ್ರ ಗಂಭೀರವಾಗಿದ್ದವು, ಅದಕ್ಕೇ ಅಧಿಕಾರಿಗಳು ನಂಬಿದರು. ಕಚೇರಿಯಲ್ಲಿ ದಿನವಿಡೀ ಕಾಗದಕ್ಕೆ ಮೊಹರು ಒತ್ತುವ ನಮ್ಮ ಗುಮಾಸ್ತ ಮಿತ್ರರು ಈ ಮನುಷ್ಯನ ಹೆಸರನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ಆಸೆ. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಅವನನ್ನು ಹಿಡಿದುಕೊಂಡು ಹೋಯಿತು. ಅವನು ಮರಳಿ ಬರಲಿಲ್ಲ.

ಯುದ್ಧದ ಕೊನೆಯ ಚಳಿಗಾಲದಲ್ಲಿ ಬುಡಾಪೆಸ್ಟಿಗೆ ಮುತ್ತಿಗೆ ಬಿತ್ತು. 1944ರ ಡಿಸೆಂಬರಿನಿಂದ 1945ರ ಫೆಬ್ರವರಿಯವರೆಗೆ ಬೀದಿ ಬೀದಿಯಲ್ಲಿ ಕಾಳಗ. ರಾತ್ರಿ ಸತ್ತವರ ಹೆಣಗಳನ್ನು ಬೆಳಿಗ್ಗೆ ಎತ್ತಿ ಸಾಮೂಹಿಕ ಗುಂಡಿಗೆ ಹಾಕುವ ಕೆಲಸಕ್ಕೂ ಆಗ್ನೆಸ್ ಕೈ ಹಚ್ಚಬೇಕಾಯಿತು.

ಯುದ್ಧ ಮುಗಿದಾಗ ವಯಸ್ಸು ಇಪ್ಪತ್ತನಾಲ್ಕು. ಹೊಟ್ಟೆಪಾಡಿಗೆ ಚೆಲ್ಲೊ ನುಡಿಸಿದಳು. ಮತ್ತೆ ಸರಳಿಗೆ ಕೈ ಹಾಕಿದಳು. 1946ರಲ್ಲಿ ಹಂಗೆರಿಯ ಪಂದ್ಯಗಳಲ್ಲಿ ಏರುಪೇರಿನ ಸರಳುಗಳ ಪದವಿ ಆಕೆಗೇ ಬಂತು. ಮರುವರ್ಷ ಮಧ್ಯ ಯುರೋಪಿನ ಪಂದ್ಯದಲ್ಲಿ ಗೆಲುವು. 1948ರ ಲಂಡನ್ ಕೂಟಕ್ಕೆ ಹಂಗೆರಿಯ ತಂಡದೊಡನೆ ಹೋದಳು. ಇಷ್ಟು ವರ್ಷ ಕಾದ ಬಾಗಿಲು ತೆರೆಯಿತು ಎನ್ನುವ ಹೊತ್ತಿಗೆ ಕಾಲಿನ ಹರಡಿನ ಸ್ನಾಯು ಹರಿಯಿತು. ತಂಡ ಬೆಳ್ಳಿ ಗೆದ್ದಿತು. ಆಗ್ನೆಸ್ ಪಕ್ಕದಲ್ಲಿ ಕುಳಿತು ನೋಡಿದಳು. ಆಗ ಆಕೆಗೆ ಇಪ್ಪತ್ತೇಳು. ಮುಂದಿನ ಕೂಟಕ್ಕೆ ನಾಲ್ಕು ವರ್ಷ. ಇಲ್ಲಿಗೆ ಸಾಕು ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

1952ರಲ್ಲಿ ಒಲಿಂಪಿಕ್ ಕೂಟ ಹೆಲ್ಸಿಂಕಿಯಲ್ಲಿ ಸೇರಿತು. ಹೆಂಗಸರ ಜಿಮ್ನಾಸ್ಟಿಕ್ಸ್ 1928ರಿಂದಲೂ ಒಲಿಂಪಿಕ್ಸಿನಲ್ಲಿ ಇತ್ತಾದರೂ ಅಲ್ಲಿಯವರೆಗೆ ತಂಡಗಳಿಗೆ ಮಾತ್ರ ಪದಕ. ಒಬ್ಬೊಬ್ಬರಿಗೂ, ಒಂದೊಂದು ಪರೀಕ್ಷೆಗೂ ಬೇರೆ ಬೇರೆ ಪದಕ ಕೊಡಲು ಮೊದಲಾದದ್ದೇ ಹೆಲ್ಸಿಂಕಿಯಲ್ಲಿ. ತಡವಾಗಿ ಬಂದವಳಿಗೆ ಇದೊಂದು ಲಾಭವಾಯಿತೆಂದೇ ಹೇಳಬೇಕು. ಬಯಲು ನೆಲದ ಕಸರತ್ತಿನಲ್ಲಿ ಆಗ್ನೆಸ್ ಚಿನ್ನ ಗೆದ್ದಳು. ಆ ಪರೀಕ್ಷೆಯ ಮೊಟ್ಟಮೊದಲ ಒಲಿಂಪಿಕ್ ಚಾಂಪಿಯನ್ ಆಕೆಯೇ. ತಂಡದೊಡನೆ ಒಂದು ಬೆಳ್ಳಿ, ಸರಳುಗಳಲ್ಲಿ ಒಂದು ಕಂಚು. ಕೈಯಲ್ಲಿ ಸಣ್ಣ ಸಲಕರಣೆ ಹಿಡಿದು ತಂಡವೆಲ್ಲ ಒಟ್ಟಿಗೆ ಮಾಡುವ ಒಂದು ಕಸರತ್ತು ಆಗ ಇತ್ತು, ಈಗಿಲ್ಲ. ಅದರಲ್ಲಿ ಇನ್ನೊಂದು ಕಂಚು. 1954ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಸರಳುಗಳ ಚಿನ್ನವೂ ದಕ್ಕಿತು.

ಈಗ ಬರುವುದು 1956, ಮೆಲ್ಬೋರ್ನ್. ಆ ವರ್ಷ ಅಕ್ಟೋಬರಿನಲ್ಲಿ ಬುಡಾಪೆಸ್ಟಿನ ಜನ ಸೋವಿಯತ್ ಹಿಡಿತದ ವಿರುದ್ಧ ದಂಗೆಯೆದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಊರೊಳಕ್ಕೆ ನುಗ್ಗಿ ದಂಗೆಯನ್ನು ಅಡಗಿಸಿದವು. ಕೂಟ ಶುರುವಾದದ್ದು ನವೆಂಬರ್ 22ರಂದು, ಅಂದರೆ ಹದಿನೆಂಟೇ ದಿನಗಳ ಮೇಲೆ. ಹಂಗೆರಿಯ ವಿಷಯದಲ್ಲಿ ಪ್ರತಿಭಟಿಸಿ ಹಾಲೆಂಡ್, ಸ್ಪೇನ್, ಸ್ವಿಟ್ಜರ್ಲೆಂಡ್ ದೇಶಗಳು ಕೂಟಕ್ಕೇ ಬರಲಿಲ್ಲ. ಹಂಗೆರಿಯವರು ಮಾತ್ರ ಬಂದರು. ಡಿಸೆಂಬರ್ 6ರಂದು ನೀರಿನ ಪೋಲೊ ಪಂದ್ಯದಲ್ಲಿ ಹಂಗೆರಿ ಮತ್ತು ಸೋವಿಯತ್ ಆಟಗಾರರು ಎದುರುಬದುರಾದಾಗ ಕೊಳದಲ್ಲಿಯೇ ಹೊಡೆದಾಟವಾಗಿ, ಹಂಗೆರಿಯವನೊಬ್ಬನ ಮುಖದಿಂದ ರಕ್ತ ಸುರಿಯಿತು. ಹಂಗೆರಿ 4–0 ಗೋಲುಗಳಿಂದ ಗೆದ್ದಿತು. (ನಮ್ಮವರಿಗೂ ಆ ಕೂಟ ಮರೆಯುವಂಥದಲ್ಲ. ಹಾಕಿಯಲ್ಲಿ ಪಾಕಿಸ್ತಾನವನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ತಂದದ್ದೂ, ಹೈದರಾಬಾದಿನ ರಹೀಮ್ ಸಾಹೇಬರು ತಯಾರು ಮಾಡಿದ ಫುಟ್‌ಬಾಲ್ ತಂಡ ನಾಲ್ಕನೆಯ ಸ್ಥಾನಕ್ಕೆ ಏರಿದ್ದೂ ಅಲ್ಲಿಯೇ.)

ಜಿಮ್ನಾಸ್ಟಿಕ್ಸ್ ಅಂಗಳದಲ್ಲಿ ಹೊಡೆದಾಟವಿಲ್ಲ, ಆದರೆ ಎದುರಾಳಿಗಳು ಅವರೇ. ಸೋವಿಯತ್ ತಂಡದ ಲಾರಿಸಾ ಲತಿನಿನಾಗೆ ಇಪ್ಪತ್ತೊಂದು ವರ್ಷ. ಮುಂದೆ ಹದಿನೆಂಟು ಒಲಿಂಪಿಕ್ ಪದಕ ಗಳಿಸಿದವಳು ಇವಳೇ. ಆಗ್ನೆಸ್‌ಗೆ ಮೂವತ್ತೈದು, ಊರಿನಿಂದ ಬರುತ್ತಿದ್ದುದೆಲ್ಲ ಕೆಟ್ಟ ಸುದ್ದಿ. ಸರಳುಗಳಲ್ಲಿ ಆಗ್ನೆಸ್ ಇಪ್ಪತ್ತಕ್ಕೆ 18.966 ಅಂಕ ಪಡೆದು ಮೊದಲಿಗಳಾದಳು, ಲತಿನಿನಾ ಎರಡನೆಯವಳು. ತೊಲೆಯ ಮೇಲೆ 18.800, ಮತ್ತೆ ಆಗ್ನೆಸ್ ಮೊದಲು. ನೆಲದ ಕಸರತ್ತಿನಲ್ಲಿ ಇಬ್ಬರಿಗೂ ಸರಿಯಾಗಿ 18.733 ಬಂದು ಚಿನ್ನವನ್ನು ಹಂಚಿಕೊಂಡರು. ಸಣ್ಣ ಸಲಕರಣೆಗಳ ತಂಡದ ಕಸರತ್ತಿನಲ್ಲಿ ಹಂಗೆರಿಗೆ ಚಿನ್ನ. ಅಲ್ಲಿಗೆ ನಾಲ್ಕಾಯಿತು.

ಇಷ್ಟೆಲ್ಲ ಗೆದ್ದವಳು ಒಟ್ಟು ಲೆಕ್ಕದಲ್ಲಿ ಎರಡನೆಯವಳಾದಳು ಎಂದರೆ ಓದುಗರಿಗೆ ಸೋಜಿಗವಾದೀತು. ಲತಿನಿನಾಗೆ 74.933, ಆಗ್ನೆಸ್‌ಗೆ 74.633. ಅಂಕಗಳನ್ನು ಕೂಡಿಸಿ ಕಳೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಕೆಟ್ಟದ್ದು ಕುದುರೆ ಜಿಗಿತವೊಂದೇ. ಅಲ್ಲಿ ಲತಿನಿನಾ ಮೊದಲಿಗಳು. ಆಗ್ನೆಸ್ ಅವಳಿಗಿಂತ ಅಂಕದ ಹತ್ತರಲ್ಲಿ ಏಳು ಪಾಲು ಹಿಂದೆ ಬಿದ್ದಳು. ಮಿಕ್ಕ ಮೂರು ಪರೀಕ್ಷೆಗಳಲ್ಲಿ ಗಳಿಸಿದ ಮುನ್ನಡೆಯೆಲ್ಲ ಆ ಒಂದು ಓಟ, ಒಂದು ನೆಗೆತದಲ್ಲಿ ಕರಗಿಹೋಯಿತು. ತೂಗುವುದಕ್ಕೂ ಸಮತೋಲಕ್ಕೂ ವರ್ಷಗಳ ಪಳಗಿಕೆ ನೆರವಾದೀತು. ಚಿಮ್ಮಿ ಹಾರುವ ಸೊಕ್ಕು ಎಳೆಯ ಕಾಲಿನದು. ಇದು ನನ್ನ ಊಹೆ, ಬಲ್ಲವರು ತಿದ್ದಬಹುದು. ತಂಡದೊಡನೆ ಬಂದ ಬೆಳ್ಳಿಯೂ ಸೇರಿ ಆ ಕೂಟದಲ್ಲಿ ಆಕೆಗೆ ನಾಲ್ಕು ಚಿನ್ನ, ಎರಡು ಬೆಳ್ಳಿ. ಎಲ್ಲ ಆಟಗಳ ಗಂಡಸರು ಹೆಂಗಸರನ್ನು ಸೇರಿಸಿ ಲೆಕ್ಕ ಹಾಕಿದರೂ ಮೆಲ್ಬೋರ್ನಿನಲ್ಲಿ ಇದಕ್ಕಿಂತ ಹೆಚ್ಚು ಗಳಿಸಿದವರಿಲ್ಲ. ಹೆಲ್ಸಿಂಕಿಯ ನಾಲ್ಕನ್ನು ಕೂಡಿಸಿದರೆ ಒಟ್ಟು ಹತ್ತು ಪದಕ, ಎಲ್ಲವೂ ಮೂವತ್ತು ದಾಟಿದ ಮೇಲೆ.

ಕೂಟ ಮುಗಿಯಿತು, ಆಗ್ನೆಸ್ ಊರಿಗೆ ಹೋಗಲಿಲ್ಲ. ಹಂಗೆರಿಯ ತಂಡದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಆಸ್ಟ್ರೇಲಿಯದಲ್ಲಿ ಆಶ್ರಯ ಕೇಳಿ ಉಳಿದರು, ಆಕೆಯೂ ಅವರಲ್ಲೊಬ್ಬಳು. 1957ರಲ್ಲಿ ಅಲ್ಲಿಂದ ಇಸ್ರೇಲಿಗೆ ಹೋದಳು. ಅಲ್ಲಿ ಭಾಷೆ ಹೊಸದು, ಲಿಪಿ ಹೊಸದು, ಬರೆಯುವುದೂ ಬಲದಿಂದ ಎಡಕ್ಕೆ. ಮೂವತ್ತಾರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ! ಜಿಮ್ನಾಸ್ಟಿಕ್ಸ್ ಆ ದೇಶದಲ್ಲಿ ಆಗ ಹೆಸರಿಗಷ್ಟೇ ಇತ್ತು. ನೆತಾನ್ಯಾ ಊರಿನ ಬಳಿಯ ವಿಂಗೇಟ್ ವ್ಯಾಯಾಮ ವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಲಿಸಿದಳು; ರಾಷ್ಟ್ರೀಯ ತಂಡವನ್ನು ಕಟ್ಟಿದಳು; ಆ ದೇಶದ ಈ ಆಟಕ್ಕೆ ತಾಯಿಯಂತಾದಳು. 1959ರಲ್ಲಿ ಅಲ್ಲಿಯೇ ಇದ್ದ ಹಂಗೆರಿಯವನಾದ ವ್ಯಾಯಾಮ ಶಿಕ್ಷಕ ರಾಬರ್ಟ್ ಬಿರೊನನ್ನು ಮದುವೆಯಾದಳು, ಇಬ್ಬರು ಗಂಡುಮಕ್ಕಳಾದರು. ತಾಯಿಯನ್ನೂ ತನ್ನ ಬಳಿಗೆ ಕರೆಸಿಕೊಂಡಳು.

ಹುಟ್ಟಿದ ಊರನ್ನು ಮತ್ತೆ ಕಂಡದ್ದು 1983ರಲ್ಲಿ, ಬುಡಾಪೆಸ್ಟಿನಲ್ಲಿ ವಿಶ್ವ ಪಂದ್ಯ ನಡೆದಾಗ. ಇಪ್ಪತ್ತೇಳು ವರ್ಷದ ಮೇಲೆ. ನಮ್ಮಲ್ಲಿ ಎರಡು ವರ್ಷ ರಜೆ ಸಿಗದಿದ್ದರೇ ಊರಿನ ಕನಸು ಬೀಳುತ್ತದೆ. 2015ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅಲ್ಲಿಯೇ ನೆಲೆಸಲು ಹೋದಳು. 2017ರಲ್ಲಿ ಇಸ್ರೇಲ್ ಸರಕಾರ ತನ್ನ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿಯನ್ನು ಆಕೆಗೆ ಕೊಟ್ಟಿತು.

ಮುಪ್ಪಿನಲ್ಲಿ ಆಕೆಯನ್ನು ಮಾತನಾಡಿಸಲು ಹೋದ ಪತ್ರಿಕೆಯವರಿಗೆ ಆಕೆ ದೊಡ್ಡ ಮಾತೇನನ್ನೂ ಆಡುತ್ತಿರಲಿಲ್ಲ. ಪದಕಕ್ಕಾಗಿ ಈ ಆಟ ಹಿಡಿದದ್ದಲ್ಲ, ಕೈಯಿಂದ ಕಾಸು ಹಾಕದೆ ದೇಶ ದೇಶ ನೋಡಬಹುದೆಂದು ಹಿಡಿದದ್ದು ಎನ್ನುತ್ತಿದ್ದಳು. ಹೇಳುತ್ತ ಹೇಳುತ್ತ ಕಾಲನ್ನು ಮೇಲಕ್ಕೆತ್ತಿ ತೋರಿಸುವುದೂ ಉಂಟು. ನೂರು ತುಂಬಿದ ವರ್ಷ, 2021ರಲ್ಲಿ, ಎರಡೂ ಕಾಲುಗಳನ್ನು ಪೂರ್ತಿ ಚಾಚಿ ನೆಲಕ್ಕೆ ಕೂರುವುದನ್ನು ಇನ್ನು ಬಿಡಬೇಕೆಂದು ವೈದ್ಯರು ಆಕೆಗೆ ಹೇಳಬೇಕಾಯಿತು.